ಸೀಬೆ ಚಿಗುರಿನ ಒಗರು

ಬೆಳಿಗ್ಗೆಯಿಂದ ಹೊಟ್ಟೆ ಹಿಂಡುತ್ತಿತ್ತು.
ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದಲೇ ಒಂದಷ್ಟು ಸೀಬೆ ಚಿಗುರು ಕೊಟ್ಟರು. "ಉಪ್ಪಿನ ಹರಳಿನ ಜೊತೆ ಅಗಿ. ಮಾತಾಡಬೇಡ."

ಅಬ್ಬಾ, ಆ ಒಗರು! ನಾಲಿಗೆ ಅಂಗುಳಕ್ಕೇ ಅಂಟಿಕೊಂಡಿತು.
ಅದು ಎಲೆಯಲ್ಲಿರುವ ಟ್ಯಾನಿನ್ ಅನ್ನೋ ಒಗರಿನ ಅಂಶದ ಕೆಲಸ. ಆದರೆ ಕರುಳಿನ ವಿಷಯಕ್ಕೆ ಬಂದರೆ ಇದೇ ಎಲೆಯ ಕ್ವೆರ್ಸೆಟಿನ್ ಹೆಸರು ಜಾಸ್ತಿ ಕೇಳಿಬರುತ್ತದೆ. ಫ್ಲೇವನಾಯ್ಡ್ ಅದು, ಅಂದರೆ ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ. ಈರುಳ್ಳಿಯಲ್ಲೂ ಇದೆ.

ಇದು ಕರುಳಿನ ಹಿಂಡುವಿಕೆ ತಗ್ಗಿಸುತ್ತದಾ ಅಂತ ಪರೀಕ್ಷಿಸುವ ರೀತಿ ನನಗೆ ತುಂಬಾ ಇಷ್ಟ.
ಗಿನಿ ಹಂದಿಯ ಸಣ್ಣ ಕರುಳಿನ ಒಂದು ತುಂಡು. ದಾರ ಕಟ್ಟಿ, 37 ಡಿಗ್ರಿ ಬೆಚ್ಚಗಿನ ಲವಣದ ನೀರಿನಲ್ಲಿ ತೂಗುಬಿಡುತ್ತಾರೆ. ಆಮ್ಲಜನಕ ಗುಳುಗುಳು ಅಂತ ಬರುತ್ತಿರುತ್ತದೆ.
ದೇಹವೇ ಇಲ್ಲ, ಆದರೂ ಕರುಳು ತನ್ನ ಪಾಡಿಗೆ ಬದುಕಿರುತ್ತದೆ!
ಸ್ನಾಯುವಿಗೆ 'ಬಿಗಿಯಾಗು' ಅಂತ ಹೇಳುವ ನರಗಳ ರಾಸಾಯನಿಕ ಅಸಿಟೈಲ್‌ಕೋಲಿನ್ ಹಾಕಿದರೆ ಕರುಳು ಹಿಂಡಿಕೊಳ್ಳುತ್ತದೆ. ಕ್ವೆರ್ಸೆಟಿನ್ ಮೊದಲೇ ಸೇರಿಸಿದ್ದರೆ ಆ ಹಿಂಡುವಿಕೆ ತಗ್ಗುತ್ತದೆ.
ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಕೋಶದೊಳಗೆ ನುಗ್ಗಬೇಕು. ಕ್ವೆರ್ಸೆಟಿನ್ ಅದು ನುಗ್ಗುವ ಬಾಗಿಲನ್ನೇ ಅರ್ಧ ಮುಚ್ಚುತ್ತದೆ.

ಮೆಕ್ಸಿಕೋದಲ್ಲೂ ಭೇದಿಗೆ ಇದೇ ಎಲೆಯ ಕಷಾಯ. ಸೀಬೆ ಮರದ ತವರೂ ಅಮೆರಿಕ ಖಂಡವೇ. ಅಜ್ಜಿಗೆ ಹೇಳಿದರೆ ನಂಬುವುದಿಲ್ಲ ಬಿಡಿ.

ಹಾಗಂತ ಗಾಜಿನ ಪಾತ್ರೆಯ ಕರುಳೇ ಬೇರೆ, ನನ್ನ ಹೊಟ್ಟೆಯೇ ಬೇರೆ ಅಲ್ವಾ. ಅಲ್ಲಿ ಔಷಧ ನೇರವಾಗಿ ಸ್ನಾಯುವಿಗೇ ತಾಗುತ್ತದೆ. ಇಲ್ಲಿ ಜೀರ್ಣವಾಗಿ, ರೂಪ ಬದಲಾಗಿ, ಅಲ್ಪಸ್ವಲ್ಪ ತಲುಪಬೇಕು.
ಭೇದಿ ಜೋರಾದರೆ ಓಆರ್‌ಎಸ್ ಮೊದಲು. ಜ್ವರ, ರಕ್ತ ಕಂಡರೆ ಸುಮ್ನೆ ಡಾಕ್ಟರ್ ಹತ್ತಿರ ಹೋಗಿ.

ನಿಮ್ಮ ಮನೆಯಲ್ಲಿ ಯಾವುದು? ದಾಳಿಂಬೆ ಸಿಪ್ಪೆ ಪಕ್ಷದವರು ಇಲ್ಲಿ ಬಹಳ ಜನ ಇದ್ದೀರಿ, ಗೊತ್ತು.