ಮೈಸೂರಿನಲ್ಲಿ ಫೋಟೊಗ್ರಾಫರ್ ಗೊತ್ತುಮಾಡುವ ಮುನ್ನ ಏಳು ಗಂಟೆಯ ಆಕಾಶ ನೋಡಿ

ಮೈಸೂರಿಗೆ ಎರಡು ದಿನದ ಪ್ರವಾಸ, ಹೇಗೂ ಎಲ್ಲರೂ ಸೇರುತ್ತಿದ್ದೇವೆ, ಒಬ್ಬ ಫೋಟೊಗ್ರಾಫರನ್ನು ಗೊತ್ತುಮಾಡಿ ಮನೆಮಂದಿಯ ಒಳ್ಳೆಯ ಚಿತ್ರ ತೆಗೆಸಿಕೊಳ್ಳೋಣ ಎಂದುಕೊಂಡವರು ಮೊದಲು ಹುಡುಕುವುದು ಫೋಟೊಗ್ರಾಫರನ್ನು. ಆದರೆ ಮೊದಲು ಗೊತ್ತುಮಾಡಬೇಕಾದ್ದು ತಾರೀಖು. ತಾರೀಖು ತಪ್ಪಿದರೆ ಎಂಥ ಕೈಯಿಂದಲೂ ಬೇಕಾದ ಚಿತ್ರ ಬರುವುದಿಲ್ಲ.

ಹೆಚ್ಚಿನವರ ಮನಸ್ಸಿನಲ್ಲಿರುವುದು ಒಂದೇ ಚಿತ್ರ: ದೀಪ ಹೊತ್ತಿದ ಅರಮನೆ, ಹಿಂದೆ ಗಾಢ ನೀಲಿ ಆಕಾಶ, ಮುಂದೆ ತಾವು. ಅರಮನೆಯ ದೀಪಗಳು ಹೊತ್ತುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು, ಸಂಜೆ 7ಕ್ಕೆ. ದಸರಾ ದಿನಗಳಲ್ಲಿ ಪ್ರತಿದಿನ. ಉಳಿದ ದಿನ ಧ್ವನಿ-ಬೆಳಕು ಕಾರ್ಯಕ್ರಮದ ಕೊನೆಗೆ ಸ್ವಲ್ಪ ಹೊತ್ತು ಹೊತ್ತುತ್ತವೆ. ಕುಟುಂಬವನ್ನು ನಿಲ್ಲಿಸಿ, ಸೆರಗು ಸರಿಮಾಡಿ, ಮಗುವನ್ನು ಸುಮ್ಮನಾಗಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಹಾಗಾಗಿ ಭಾನುವಾರ ಮೈಸೂರಿನಲ್ಲಿ ಇರಲೇಬೇಕು.

ಇನ್ನು ಆಕಾಶದ ಲೆಕ್ಕ. ಮೈಸೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ನೀಲಿ ಉಳಿಯುವುದು 25 ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಕ್ಯಾಮೆರಾಗೆ ಅದು ಬರೀ ಕಪ್ಪು. ನವೆಂಬರಿನಲ್ಲಿ ಸೂರ್ಯ ಮುಳುಗುವುದು 5.55ರ ಸುಮಾರಿಗೆ, ಅಕ್ಟೋಬರಿನಲ್ಲಿ 6.05ರ ಆಸುಪಾಸು. ದೀಪ ಹೊತ್ತುವ ಹೊತ್ತಿಗೆ ಆಕಾಶ ಕಪ್ಪಾಗಿ ಬಹಳ ಹೊತ್ತಾಗಿರುತ್ತದೆ. ದಸರೆಯ ಅರಮನೆ ಚಿತ್ರಗಳಲ್ಲಿ ಗುಮ್ಮಟದ ಅಂಚು ಕತ್ತಲೆಯಲ್ಲಿ ತೇಲಿದಂತೆ ಕಾಣುವುದು ಇದೇ ಕಾರಣಕ್ಕೆ. ಜೂನ್, ಜುಲೈನಲ್ಲಿ ಸೂರ್ಯ ಮುಳುಗುವುದು 6.50ಕ್ಕೆ. 7ಕ್ಕೆ ದೀಪ ಹೊತ್ತಿದಾಗ ಆಕಾಶ ಇನ್ನೂ ನೀಲಿಯಾಗಿಯೇ ಇರುತ್ತದೆ. 15-20 ನಿಮಿಷ ಕೈಗೆ ಸಿಗುತ್ತದೆ. ಮೇ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಈ ಯೋಗ.

ಇದರ ಜೊತೆಗೆ ಪಂಚಾಂಗವನ್ನೂ ಇಟ್ಟು ನೋಡಿ. ಊರಿನ ಒಳ್ಳೆಯ ಫೋಟೊಗ್ರಾಫರುಗಳ ಮುಖ್ಯ ದುಡಿಮೆ ಮದುವೆ. ವೈಶಾಖದ ಮುಹೂರ್ತದ ಭಾನುವಾರ ಕೇಳಿದರೆ ಅವರು ಸಿಗುವುದಿಲ್ಲ, ಅವರ ಸಹಾಯಕರು ಸಿಗುತ್ತಾರೆ. ಆಷಾಢದಲ್ಲಿ ಮದುವೆಗಳಿಲ್ಲ. ಅದೇ ಕೈ, ಅದೇ ಕ್ಯಾಮೆರಾ ಬಿಡುವಾಗಿರುತ್ತದೆ, ದರವನ್ನೂ ಮಾತಾಡಬಹುದು. ಆಷಾಢ ಬರುವುದೂ ಜೂನ್ ಕೊನೆಯಿಂದ ಜುಲೈಗೆ. ಅಧಿಕಮಾಸ ಬಂದ ವರ್ಷ ಆಗಸ್ಟ್‌ಗೆ ಜಾರುತ್ತದೆ. ಅಂದರೆ ನೀಲಿ ಆಕಾಶವೂ ಬಿಡುವಿನ ಫೋಟೊಗ್ರಾಫರೂ ಒಟ್ಟಿಗೆ ಸಿಗುವುದು ಆಷಾಢದ ಭಾನುವಾರ. ಮಳೆಯ ಭಯ ಬೇಡ ಎನ್ನಲಾಗದು. ಆದರೆ ಮೈಸೂರಿನಲ್ಲಿ ಜೋರು ಮಳೆ ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಜುಲೈನದು ಹೆಚ್ಚಾಗಿ ತುಂತುರು, ಗಾಳಿ, ಮೋಡ. ಮೋಡದ ಬೆಳಕು ಮುಖಕ್ಕೆ ಒಳ್ಳೆಯದು, ಕಣ್ಣ ಕೆಳಗೆ ನೆರಳು ಬೀಳುವುದಿಲ್ಲ. ಒದ್ದೆ ಕಲ್ಲುಹಾಸಿನಲ್ಲಿ ದೀಪದ ಪ್ರತಿಬಿಂಬ ಬಿದ್ದರೆ ಆ ಚಿತ್ರಕ್ಕೆ ಸಮನಾದದ್ದು ವರ್ಷದಲ್ಲಿ ಇನ್ನೊಂದಿಲ್ಲ. ಪಿತೃಪಕ್ಷ ಮತ್ತು ಧನುರ್ಮಾಸದಲ್ಲೂ ಫೋಟೊಗ್ರಾಫರುಗಳಿಗೆ ಬಿಡುವಿರುತ್ತದೆ. ಧನುರ್ಮಾಸದಲ್ಲಿ ಬರುವವರು ಅರಮನೆಯ ಸಂಜೆಯನ್ನು ಬಿಟ್ಟು ಮಂಜಿನ ಬೆಳಗ್ಗೆಗೆ ದುಡ್ಡು ಹಾಕಲಿ.

ಫೋಟೊಗ್ರಾಫರನ್ನು ಆರಿಸುವಾಗ ಇನ್‌ಸ್ಟಾಗ್ರಾಂ ಪುಟ ನೋಡಿ ತೀರ್ಮಾನಿಸಬೇಡಿ. ಅಲ್ಲಿರುವುದು ಹತ್ತಾರು ದಿನಗಳ ಕೆಲಸದಿಂದ ಹೆಕ್ಕಿದ ಒಂಬತ್ತು ಚಿತ್ರ. ಒಂದೇ ಕುಟುಂಬದ, ಒಂದೇ ದಿನದ ಪೂರ್ತಿ ಆಲ್ಬಂ ಕೇಳಿ. ಅದರಲ್ಲಿ ನೋಡಬೇಕಾದ್ದು ಮೂರು. ರಾತ್ರಿ ದೀಪದ ಎದುರು ನಿಂತವರ ಮುಖ ಹೇಗಿದೆ. ಐದಾರು ಜನರ ಗುಂಪಿನಲ್ಲಿ ಹಿಂದಿನ ಸಾಲಿನವರೂ ಸ್ಪಷ್ಟವಾಗಿದ್ದಾರೆಯೇ. ಹಿನ್ನೆಲೆ ಮಸುಕಾಗಲೆಂದು ಲೆನ್ಸನ್ನು ಪೂರ್ತಿ ತೆರೆದಿಟ್ಟರೆ ಅಜ್ಜಿಯ ಮುಖವೂ ಮಸುಕಾಗುತ್ತದೆ. ಮೂರನೆಯದು ಚರ್ಮದ ಬಣ್ಣ. ಗೋಧಿಬಣ್ಣದ, ಕಪ್ಪು ಬಣ್ಣದ ಮುಖಗಳನ್ನೆಲ್ಲ ಉಜ್ಜಿ ಬಿಳುಪು ಮಾಡಿ, ಚರ್ಮದ ರಂಧ್ರಗಳೇ ಇಲ್ಲದಂತೆ ನುಣುಪು ಮಾಡುವ ಅಭ್ಯಾಸ ಮದುವೆ ಆಲ್ಬಂಗಳಿಂದ ಬಂದಿದೆ. ಹತ್ತು ವರ್ಷದ ಮೇಲೆ ಆ ಚಿತ್ರ ತೆಗೆದು ನೋಡಿದರೆ ಅದರಲ್ಲಿ ನಮ್ಮವರೇ ಕಾಣುವುದಿಲ್ಲ. ‘ಬಣ್ಣ ಬಿಳುಪು ಮಾಡಬೇಡಿ, ಸುಕ್ಕು ಅಳಿಸಬೇಡಿ’ ಎಂದು ಬುಕ್ ಮಾಡುವಾಗಲೇ ಬರೆದು ಕಳುಹಿಸಿ.

ದರವನ್ನು ಗಂಟೆ ಲೆಕ್ಕದಲ್ಲಿ ಮಾತ್ರ ಹೋಲಿಸಿದರೆ ಮೋಸಹೋಗುತ್ತೀರಿ. ಎಡಿಟ್ ಮಾಡಿದ ಎಷ್ಟು ಚಿತ್ರ ಕೊಡುತ್ತಾರೆ, ಎಷ್ಟು ದಿನದಲ್ಲಿ, ಯಾವ ಅಳತೆಯಲ್ಲಿ, ಇದನ್ನು ಸೇರಿಸಿ ಹೋಲಿಸಿ. ಗಂಟೆಗೆ 30ರಿಂದ 50 ಚಿತ್ರ ಎಂದರೆ ನಂಬಬಹುದಾದ ಮಾತು. 200 ಎಂದರೆ ಒಂದೇ ಬಣ್ಣದ ಫಿಲ್ಟರನ್ನು ಎಲ್ಲಕ್ಕೂ ಎಳೆದು ಕೊಡುತ್ತಾರೆ ಎಂದರ್ಥ. ಅಳತೆಯ ವಿಷಯದಲ್ಲಿ ಜನ ಬಹಳ ಸೋಲುತ್ತಾರೆ. ಗೋಡೆಗೆ 12X18 ಇಂಚಿನ ಪ್ರಿಂಟ್ ಬೇಕೆಂದರೆ ಚಿತ್ರ 3600X5400 ಪಿಕ್ಸೆಲ್ ಇರಬೇಕು. ಫೇಸ್‌ಬುಕ್ಕಿಗೆಂದು 2048 ಪಿಕ್ಸೆಲ್ಲಿಗೆ ಕುಗ್ಗಿಸಿದ ಚಿತ್ರ ಏಳು ಇಂಚಿನ ಆಚೆ ಒಡೆಯುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಇನ್ನಷ್ಟು ಕುಗ್ಗುತ್ತದೆ. ಡ್ರೈವ್ ಲಿಂಕ್‌ನಲ್ಲಿ ಪೂರ್ತಿ ಅಳತೆಯ ಜೆಪೆಗ್ ಕೇಳಿ, ಲಿಂಕ್ ಎಷ್ಟು ದಿನ ಇರುತ್ತದೆ ಎಂದೂ ಕೇಳಿ. ಕಚ್ಚಾ ಫೈಲುಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕಾಗಿ ಜಗಳ ಬೇಡ.

ಒಪ್ಪಂದಪತ್ರ ಬೇಕಿಲ್ಲ, ಆದರೆ ಒಂದು ಸಂದೇಶದಲ್ಲಿ ಎಲ್ಲವೂ ಬರಹದಲ್ಲಿರಲಿ: ದಿನ, ಸೇರುವ ಜಾಗ ಮತ್ತು ಹೊತ್ತು, ಜನ ಎಷ್ಟು, ಚಿತ್ರ ಎಷ್ಟು, ಪ್ರವೇಶ ಮತ್ತು ಪಾರ್ಕಿಂಗ್ ಖರ್ಚು ಯಾರದು, ಮಳೆ ಬಂದರೆ ಏನು, ಮುಂಗಡ ವಾಪಸಾಗುತ್ತದೆಯೇ. ಕ್ಯಾಮೆರಾ ಹಿಡಿಯುವವರ ಹೆಸರನ್ನೂ ಕೇಳಿ. ಮಾತಾಡಿದವರು ಒಬ್ಬರು, ಬಂದವರು ಇನ್ನೊಬ್ಬರು ಎಂಬುದೇ ಈ ವ್ಯವಹಾರದಲ್ಲಿ ಅತಿ ಹೆಚ್ಚು ಕೇಳಿಬರುವ ದೂರು. ಹಕ್ಕಿನ ವಿಷಯವೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಅವರು ಕಳುಹಿಸುವ ಷರತ್ತುಗಳಲ್ಲಿ ಆ ‘ಬೇರೆ ರೀತಿ’ ಏನಾದರೂ ಇದೆಯೇ ಎಂದು ಓದಿ. ಮಕ್ಕಳ ಚಿತ್ರವನ್ನು ಜಾಹೀರಾತಿಗೆ ಹಾಕುವುದು ಬೇಡವೆಂದರೆ ಆಗಲೇ ಹೇಳಿ.

ಈಗ ಅರಮನೆಯ ಸಂಜೆ. ಹಗಲಿನ ವೀಕ್ಷಣೆ 10ರಿಂದ 5.30ರವರೆಗೆ. ದೀಪಾಲಂಕಾರದ ಪ್ರವೇಶ ಆಮೇಲೆ ಬೇರೆಯೇ. ಯಾವ ದ್ವಾರ, ಎಷ್ಟು ಗಂಟೆಗೆ ಎಂದು ಅದೇ ದಿನ ಮಧ್ಯಾಹ್ನ ವಿಚಾರಿಸಿಕೊಂಡು, ದ್ವಾರ ತೆರೆದ ಕೂಡಲೇ ಒಳಗಿರಿ. ಸ್ಟ್ಯಾಂಡ್, ದೊಡ್ಡ ಲೈಟು, ಡ್ರೋನ್ ಇಂಥವಕ್ಕೆ ಅರಮನೆ ಮಂಡಳಿಯ ಅನುಮತಿ ಬೇಕು. ಅನುಮತಿ ಇಲ್ಲದೆ ತಂದು ಭದ್ರತೆಯವರ ಜೊತೆ ವಾದಕ್ಕೆ ನಿಂತರೆ ಆ ಇಪ್ಪತ್ತು ನಿಮಿಷ ಅಲ್ಲೇ ಕರಗುತ್ತದೆ. ಕೈಯಲ್ಲಿ ಹಿಡಿಯುವ ಒಂದು ಕ್ಯಾಮೆರಾ, ಅದರ ಮೇಲೆ ಕೂರುವ ಒಂದು ಫ್ಲ್ಯಾಶ್, ಇಷ್ಟರಲ್ಲಿ ಕೆಲಸ ಮಾಡಬಲ್ಲವರನ್ನೇ ಕರೆಯಿರಿ.

ಆ ಫ್ಲ್ಯಾಶಿನ ಮೇಲೆ ಕಿತ್ತಳೆ ಬಣ್ಣದ ತೆಳು ಹಾಳೆ, ಅವರ ಭಾಷೆಯಲ್ಲಿ ಜೆಲ್, ಇದೆಯೇ ಎಂದು ಕೇಳಿ. ಅಂಗೈಯಗಲದ ಆ ಚೂರಿನಲ್ಲೇ ಇಡೀ ಚಿತ್ರ ನಿಂತಿದೆ. ಅರಮನೆಯ ಬಲ್ಬುಗಳದು ಹಳದಿ ಬೆಳಕು, ಫ್ಲ್ಯಾಶಿನದು ಬಿಳಿ. ಹಾಗೇ ಹೊಡೆದರೆ ಒಂದೋ ಮುಖ ನೀಲಿಗಟ್ಟುತ್ತದೆ, ಇಲ್ಲವೇ ಮುಖ ಸರಿಮಾಡಲು ಹೋಗಿ ಅರಮನೆ ಕಿತ್ತಳೆ ಹಣ್ಣಿನಂತಾಗುತ್ತದೆ. ಜೆಲ್ ಹಾಕಿದಾಗ ಎರಡೂ ಒಂದೇ ಬೆಳಕಿನಲ್ಲಿ ನಿಂತಂತೆ ಕಾಣುತ್ತವೆ, ಮೈಸೂರು ಸಿಲ್ಕಿನ ಜರಿಯೂ ದೀಪದ್ದೇ ಹೊಳಪು ಪಡೆಯುತ್ತದೆ.

ಎರಡನೆಯದು ನಿಲ್ಲುವ ಜಾಗ. ಎಲ್ಲರೂ ಕಟ್ಟಡದ ಹತ್ತಿರ ಓಡುತ್ತಾರೆ. ಮಧ್ಯದ ಗೋಪುರವೇ 145 ಅಡಿ. ಅದರ ಬುಡದಲ್ಲಿ ನಿಂತವರು ಚಿತ್ರದಲ್ಲಿ ಇರುವೆಯಷ್ಟಾಗುತ್ತಾರೆ. ಕಟ್ಟಡದಿಂದ ಆದಷ್ಟು ದೂರ, ಕ್ಯಾಮೆರಾದಿಂದ ಎಂಟು-ಹತ್ತು ಅಡಿಯಲ್ಲಿ ನಿಲ್ಲಿ. ಫೋಟೊಗ್ರಾಫರ್ ಸ್ವಲ್ಪ ಬಗ್ಗಿ ಕೆಳಗಿನಿಂದ ತೆಗೆದರೆ ಜನಜಂಗುಳಿ ನಿಮ್ಮ ಬೆನ್ನ ಹಿಂದೆ ಅಡಗುತ್ತದೆ, ಗುಮ್ಮಟಗಳು ತಲೆಯ ಮೇಲೆ ಬರುತ್ತವೆ. 6.50ಕ್ಕೆ ಜಾಗ ಹಿಡಿದು, ದೀಪ ಹೊತ್ತುವ ಮೊದಲೇ ಗುಂಪಿನ ಕ್ರಮ ಗೊತ್ತುಮಾಡಿಕೊಂಡಿರಿ. ಇಡೀ ಕುಟುಂಬದ್ದು ಮೊದಲು, ಅಜ್ಜ-ಅಜ್ಜಿ ಆಮೇಲೆ, ಗಂಡ-ಹೆಂಡತಿ ಕೊನೆಗೆ. ನೀಲಿ ಮುಗಿದ ಮೇಲೂ ಇಬ್ಬರ ಚಿತ್ರ ಚೆನ್ನಾಗಿ ಬರುತ್ತದೆ, ಹತ್ತು ಜನರದು ಬರುವುದಿಲ್ಲ.

ಹಗಲಲ್ಲಿ ಅರಮನೆ ಬೇಕೆಂದರೆ ನೆನಪಿಡಿ, ಅದು ಪೂರ್ವಕ್ಕೆ ಮುಖಮಾಡಿದೆ. ಬಾಗಿಲು ತೆರೆದ ಮೊದಲ ಅರ್ಧ ಗಂಟೆ ಮುಂಭಾಗದ ಮೇಲೆ ಬಿಸಿಲಿರುತ್ತದೆ, ಮಧ್ಯಾಹ್ನದ ನಂತರ ಸೂರ್ಯ ಕಟ್ಟಡದ ಹಿಂದೆ ಹೋಗಿ ಮುಂಭಾಗ ಮಂಕಾಗುತ್ತದೆ. ಒಳಾಂಗಣವನ್ನು ಫೋಟೊಗ್ರಾಫರ್ ಜೊತೆಗಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಕಣ್ಣಿನಿಂದ ನೋಡುವ ಜಾಗ.

ಹಗಲಿನ ಚಿತ್ರಕ್ಕೆ ಅರಮನೆಗಿಂತ ಬೀದಿ ಮೇಲು. ಭಾನುವಾರ ಬೆಳಗ್ಗೆ 6ಕ್ಕೆ ಚಾಮರಾಜ ವೃತ್ತದಲ್ಲಿರಿ. ಜೂನಿನಲ್ಲಿ ಸೂರ್ಯ ಹುಟ್ಟುವುದೂ ಆಗಲೇ, ಜನವರಿಯಲ್ಲಾದರೆ 6.45. ವೃತ್ತದ ಮಂಟಪ, ಅದರಾಚೆ ಅರಮನೆಯ ಉತ್ತರ ದ್ವಾರ, ಪಕ್ಕದಲ್ಲೇ ದೊಡ್ಡ ಗಡಿಯಾರ ಮತ್ತು ಪುರಭವನ, ನಾಲ್ಕು ಹೆಜ್ಜೆ ನಡೆದರೆ ಕೆ.ಆರ್. ವೃತ್ತ. ಟಾಂಗಾ ಸಿಕ್ಕರೆ ಬಾಡಿಗೆ ಮೊದಲೇ ಮಾತಾಡಿ. 7.30ರ ಮೇಲೆ ವಾಹನ ಶುರುವಾಗುತ್ತದೆ, ಅಷ್ಟರೊಳಗೆ ಮುಗಿಸಿ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೆ ಹೋಗಿ. ಹೂವಿನ ಸಾಲಿನಲ್ಲಿ ಮೇಲಿನಿಂದ ಸೋಸಿ ಬೀಳುವ ಬೆಳಕು ಮುಖಕ್ಕೆ ಬಲು ಚೆನ್ನ. ಅದು ದುಡಿಯುವವರ ಜಾಗ: ಮೊದಲು ಒಂದು ಮಾರು ಮಲ್ಲಿಗೆ ಕೊಂಡು, ಕೇಳಿ, ಆಮೇಲೆ ಫೋಟೊ. ಬೆಂಗಳೂರಿನಿಂದ ಭಾನುವಾರ ಬೆಳಗ್ಗೆ ಹೊರಟು ಇದನ್ನು ಹಿಡಿಯಲಾಗದು. ಶನಿವಾರ ರಾತ್ರಿ ಮೈಸೂರಿನಲ್ಲೇ ಮಲಗಬೇಕು.

ಚಾಮುಂಡಿ ಬೆಟ್ಟದಲ್ಲಿ ನಂದಿಯ ಬಳಿ ಬೆಳಗ್ಗೆ ಬೇಗ ಹೋದರೆ ಜನ ಕಡಿಮೆ. ಆಷಾಢದ ಶುಕ್ರವಾರ ಮಾತ್ರ ಆ ಕಡೆ ಯೋಚಿಸಲೇಬೇಡಿ, ಖಾಸಗಿ ವಾಹನ ಬಿಡುವುದಿಲ್ಲ, ಅಂದು ಅದು ಭಕ್ತರ ಬೆಟ್ಟ. ಕಾರಂಜಿ ಕೆರೆಗೆ ಮಂಗಳವಾರ ರಜೆ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಅನುಮತಿ ಕೇಳಿಯೇ ಹೋಗಿ. ಸಂತ ಫಿಲೋಮಿನಾ ಚರ್ಚಿನಲ್ಲಿ ಹೊರಗೆ ಮಾತ್ರ. ಸೋಮನಾಥಪುರ ಕೇಂದ್ರ ಪುರಾತತ್ವ ಇಲಾಖೆಯದು. ಸ್ಟ್ಯಾಂಡ್ ಇಲ್ಲದ ಕ್ಯಾಮೆರಾಗೆ ತೊಂದರೆಯಿಲ್ಲ, ಆದರೆ 35 ಕಿ.ಮೀ. ದೂರ, ಅದಕ್ಕೊಂದು ಬೇರೆ ಅರ್ಧ ದಿನ ಕೊಡಿ. ಎರಡು ಗಂಟೆಯ ಬುಕಿಂಗಿಗೆ ಎರಡು ಜಾಗ ಸಾಕು. ನಾಲ್ಕು ಜಾಗ ಎಂದು ಪಟ್ಟಿ ಮಾಡಿದರೆ ದುಡ್ಡು ಕಾರಿನಲ್ಲಿ ಕೂರುವುದಕ್ಕೆ ಹೋಗುತ್ತದೆ.

ಉಡುಪಿನ ಮಾತು. ದೀಪದ ಎದುರು ಕಪ್ಪು, ಕಡುನೀಲಿ ಸೀರೆ ಕತ್ತಲೆಯಲ್ಲಿ ಕರಗುತ್ತದೆ, ಸಾಸಿವೆ ಹಳದಿ ದೀಪದಲ್ಲೇ ಬೆರೆಯುತ್ತದೆ. ಕುಂಕುಮ ಕೆಂಪು, ನವಿಲು ಹಸಿರು, ದಂತದ ಬಿಳಿ ಎದ್ದು ನಿಲ್ಲುತ್ತವೆ. ಸಣ್ಣ ಚೌಕಳಿಯ ಅಂಗಿ ಬೇಡ, ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕಾಣುತ್ತದೆ. ರೇಷ್ಮೆ ಉಟ್ಟು ಮೂರು ಗಂಟೆ ಕಾರಿನಲ್ಲಿ ಕೂತು ಬಂದರೆ ತೊಡೆಯ ಮೇಲಿನ ಸುಕ್ಕು ಎಡಿಟಿನಲ್ಲೂ ಹೋಗುವುದಿಲ್ಲ. ತಂಗಿದ ಕೋಣೆಯಲ್ಲೇ ಉಡಿ. ಮೈಸೂರು ಪೇಟ ಇಟ್ಟವರು ಗಲ್ಲವನ್ನು ಸ್ವಲ್ಪ ಎತ್ತಬೇಕು, ಇಲ್ಲದಿದ್ದರೆ ಅಂಚಿನ ನೆರಳು ಕಣ್ಣಿಗೆ ಬೀಳುತ್ತದೆ. ಬೆಳಗ್ಗೆ ಕೊಂಡ ಮಲ್ಲಿಗೆ ಸಂಜೆಗೆ ಬಾಡಿರುತ್ತದೆ. ಒದ್ದೆ ಬಟ್ಟೆಯಲ್ಲಿ, ಬಾಳೆಲೆಯೊಳಗೆ ಸುತ್ತಿಟ್ಟು ಸಂಜೆ ಅರಮನೆಯ ದ್ವಾರ ದಾಟಿದ ಮೇಲೆ ಮುಡಿಯಿರಿ.