ಟ್ರೈಆಂಗ್ ಜಿಂಟಿ: ಎಂಜಿನ್ ಓಡಿತು, ಪಾಯಿಂಟ್ ಬಾಕಿ

ಚಿಕ್ಕಪ್ಪ ಇಂಗ್ಲೆಂಡಿನಿಂದ ತಂದಿದ್ದ ಟ್ರೈಆಂಗ್ ಹಾರ್ನ್‌ಬಿ ಕಂಪನಿಯ ಆಟಿಕೆ ರೈಲು ಸೆಟ್ ತೀರ್ಥಹಳ್ಳಿ ಮನೆಯ ಅಟ್ಟ ಬಿಟ್ಟು ಈಗ ಬೆಂಗಳೂರಿನಲ್ಲಿ ನನ್ನ ಮೇಜು ಹತ್ತಿದೆ. ಡಬ್ಬಿಯ ಮೇಲೆ ಎರಡೂ ಹೆಸರು ಒಟ್ಟಿಗೆ ಇರುವುದರಿಂದ ಕಾಲ ಗೊತ್ತಾಗುತ್ತದೆ. ಟ್ರೈಆಂಗ್‌ನ ಒಡೆಯರಾದ ಲೈನ್ಸ್ ಬ್ರದರ್ಸ್ 1964ರಲ್ಲಿ ಹಾರ್ನ್‌ಬಿಯನ್ನು ಕೊಂಡರು, 1971ರಲ್ಲಿ ತಾವೇ ಮುಳುಗಿದರು. ಅದರ ನಡುವಿನ ಮಾಲು ಇದು. ಎಂಜಿನ್ ಹೆಸರು ಜಿಂಟಿ, ಆರು ಗಾಲಿಯ ಪುಟ್ಟ ಟ್ಯಾಂಕ್ ಎಂಜಿನ್, ಅಂದರೆ ನೀರಿನ ತೊಟ್ಟಿಯನ್ನು ಮೈಮೇಲೇ ಹೊತ್ತ ಉಗಿ ಎಂಜಿನ್ನಿನ ಮಾದರಿ. ಜೊತೆಗೆ ಕೆಲವು ಗೂಡ್ಸ್ ವ್ಯಾಗನ್, ಸೂಪರ್ 4 ಎಂಬ ಬಗೆಯ ಹಳಿ, ಒಂದು ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು).

ಹಳೆಯ ಕಂಟ್ರೋಲರ್ ವೈರಿನ ರಬ್ಬರ್ ಮುಟ್ಟಿದರೆ ಉದುರುತ್ತಿತ್ತು. ಅದಕ್ಕೆ ಮೇನ್ಸ್ ಕೊಡುವ ಮಾತೇ ಇಲ್ಲ, ಸುಮ್ನೆ ಷೋಕೇಸಿಗೆ ಸೇರಿತು. ಎಸ್.ಪಿ. ರೋಡಿನಲ್ಲಿ 12 ವೋಲ್ಟ್ ಡಿಸಿ ಅಡಾಪ್ಟರ್, ಒಂದು ಸ್ಪೀಡ್ ಕಂಟ್ರೋಲ್ ಬೋರ್ಡ್, ಹಿಂದೆ ಮುಂದೆ ಓಡಿಸಲು ಒಂದು ಸ್ವಿಚ್ ತಂದೆ. ಅಷ್ಟು ಸಾಕು.

ಎಂಜಿನ್ನಿನೊಳಗಿನ ಮೋಟರ್ ಎಕ್ಸ್04 ಎಂಬ ಮಾದರಿಯದು. ಇದನ್ನು ಮಾಡಿದವರಿಗೆ ಕೈ ಮುಗಿಯಬೇಕು. ಮುಚ್ಚಳವೇ ಇಲ್ಲ, ಎಲ್ಲವೂ ಕಣ್ಣೆದುರೇ ಇದೆ. ಮೊದಲು ಬ್ರಷ್‌ಗಳಿಗೆ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡುಗಳು) 9 ವೋಲ್ಟ್ ಬ್ಯಾಟರಿ ಹಿಡಿದೆ. ಮೋಟರ್ ಮಿಸುಕಲಿಲ್ಲ, ಬ್ಯಾಟರಿ ಮಾತ್ರ ಬಿಸಿಯಾಯಿತು. ಅಂದರೆ ಎಲ್ಲೋ ಶಾರ್ಟ್. ಇದರಲ್ಲಿ ಎರಡೂ ಬ್ರಷ್‌ಗಳನ್ನು ಒತ್ತುವುದು ಒಂದೇ ಸ್ಪ್ರಿಂಗ್ ತಂತಿ. ಒಂದು ಕಡೆಯ ಕರೆಂಟ್ ಲೋಹದ ಚಾಸಿಯಿಂದಲೇ ಬರುತ್ತದೆ, ಇನ್ನೊಂದು ಕಡೆಯದು ಗಾಲಿಗೆ ಉಜ್ಜುವ ತಗಡಿನಿಂದ. ಎರಡೂ ಸೇರದಿರಲಿ ಎಂದು ಸ್ಪ್ರಿಂಗಿನ ಒಂದು ಕಾಲಿಗೆ ಪುಟಾಣಿ ಕೊಳವೆ ತೊಡಿಸಿರುತ್ತಾರೆ. ನನ್ನದರಲ್ಲಿ ಅದು ಪುಡಿಯಾಗಿತ್ತು. ತೆಳು ವೈರಿನ ಪ್ಲಾಸ್ಟಿಕ್ ಸಿಪ್ಪೆ ಸುಲಿದು ತೊಡಿಸಿದೆ. ಬಿಟ್ಟಿ ರಿಪೇರಿ!

ಈಗ ಮೋಟರ್ ಗುಂಯ್ ಎಂದಿತು, ತಿರುಗಲಿಲ್ಲ. ಹಳೆ ಎಣ್ಣೆ ಹಲಸಿನ ಮೇಣದಂತೆ ಅಂಟಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಯರ್‌ಬಡ್ ಅದ್ದಿ ಬೇರಿಂಗ್, ವರ್ಮ್ ಗೇರ್, ಆಕ್ಸಲ್ ಎಲ್ಲ ಒರೆಸಿದೆ. ಬ್ರಷ್‌ಗಳು ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರಿನ ಮೂರು ಸೀಳುಗಳಲ್ಲಿ ಕೂತಿದ್ದ ಇಂಗಾಲದ ಪುಡಿಯನ್ನು ಮರದ ಟೂತ್‌ಪಿಕ್‌ನಿಂದ ತೆಗೆದೆ. ಆಮೇಲೆ ಬೇರಿಂಗಿಗೆ ಹೊಲಿಗೆ ಮಷಿನ್ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟೇ. ಅಯಸ್ಕಾಂತವನ್ನು ಮಾತ್ರ ಬಿಚ್ಚಲಿಲ್ಲ. ಈ ಹಳೆ ಅಯಸ್ಕಾಂತಗಳನ್ನು ಹಾಗೇ ಹೊರಗೆ ತೆಗೆದರೆ ಬಲ ಕಳೆದುಕೊಳ್ಳುತ್ತವೆ, ಆಮೇಲೆ ಮೋಟರ್ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ. ಸ್ಪ್ರಿಂಗ್ ಸರಿ ಕೂರಿಸಿ ಬ್ಯಾಟರಿ ಹಿಡಿದೆ, ಗಾಲಿ ಗಿರ್ರನೆ ತಿರುಗಿತು.

ಹಳಿಯದೇ ದೊಡ್ಡ ತಲೆನೋವು. ಸೂಪರ್ 4 ಹಳಿ ಉಕ್ಕಿನದು, ಮಲೆನಾಡಿನ ಮಳೆಗಾಲ ಅದನ್ನು ಬಿಟ್ಟೀತೇ? ಈಗಿನ ನಿಕಲ್ ಸಿಲ್ವರ್ ಹಳಿ ಹಾಕು ಎಂದು ಗೆಳೆಯರ ಉಪದೇಶ. ನಾನು ಒಪ್ಪಲಿಲ್ಲ. ಟ್ರೈಆಂಗ್‌ನವರು ಮ್ಯಾಗ್ನಡೀಷನ್ ಎಂಬ ಉಪಾಯ ಮಾಡಿದ್ದರು: ಎಂಜಿನ್ನಿನ ಅಯಸ್ಕಾಂತವೇ ಗಾಲಿಯನ್ನು ಹಳಿಗೆ ಎಳೆದು ಹಿಡಿಯುತ್ತದೆ. ಉಕ್ಕಿನ ಹಳಿ ಇದ್ದರಷ್ಟೇ ಅದು ನಡೆಯುತ್ತದೆ. ಹಳಿ ಬದಲಿಸಿದರೆ ಆ ಮಜಾ ಹೋಯಿತು, ಅಲ್ವಾ?

ಒರಟು ಮರಳು ಕಾಗದ ಬೇಡ, ಗೀರು ಬಿದ್ದರೆ ಕೊಳೆ ಅಲ್ಲೇ ಕೂರುತ್ತದೆ. ತುಂಬಾ ನುಣುಪಾದ ಕಾಗದದಿಂದ ತುಕ್ಕು ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಆದರೂ ಲೂಪಿನ ಆಚೆ ತುದಿಯಲ್ಲಿ ಎಂಜಿನ್ ತೆವಳುತ್ತಿತ್ತು. ಮೀಟರ್ ಹಿಡಿದರೆ ಅಲ್ಲಿ 7 ವೋಲ್ಟ್! ಹಳಿ ಜೋಡಿಸುವ ತಗಡುಗಳ ತುಕ್ಕು ಉಳಿದದ್ದನ್ನು ನುಂಗುತ್ತಿತ್ತು. ಅವನ್ನು ಕೆರೆದು, ಆ ತುದಿಗೂ ಬೇರೆ ಜೋಡಿ ವೈರ್ ಬೆಸುಗೆ ಹಾಕಿದ ಮೇಲೆ ಓಟ ಎಲ್ಲ ಕಡೆ ಒಂದೇ ಸಮ.

ಇದು ಓಓ ಗೇಜ್: 1:76 ಅಳತೆ, ಹಳಿಯ ಅಂತರ 16.5 ಮಿ.ಮೀ. ಇದೇ ಅಳತೆಯಲ್ಲಿ ನಮ್ಮ 1676 ಮಿ.ಮೀ. ಬ್ರಾಡ್ ಗೇಜ್ ಮಾಡಿದರೆ 22 ಮಿ.ಮೀ. ಅಂತರ ಬೇಕು. ಹಾಗಾಗಿ ಇದಕ್ಕೆ ಶಿವಮೊಗ್ಗ ಸ್ಟೇಷನ್ ಕಟ್ಟುವ ಆಸೆ ಸದ್ಯಕ್ಕೆ ಕೈಬಿಟ್ಟಿದ್ದೇನೆ.

ಪಾಯಿಂಟ್ ಇನ್ನೂ ಬಾಕಿ. ಅದರ ಚಲಿಸುವ ಹಳಿಗೆ ಕರೆಂಟ್ ತಲುಪದೆ ಜಿಂಟಿ ನಡುವೆಯೇ ನಿಲ್ಲುತ್ತದೆ. ಅಡಿಯಲ್ಲಿ ಫಾಸ್ಫರ್ ಬ್ರಾಂಜ್ ಪಟ್ಟಿ ಕೂರಿಸಿ ನೋಡಬೇಕು. ಅಷ್ಟರವರೆಗೆ ವ್ಯಾಗನ್‌ಗಳಿಗೆಲ್ಲ ಲೂಪಿನಲ್ಲೇ ಸುತ್ತಾಟ.