ಮಿಡಿಸೌತೆಯ ಸುಂಕ ಮತ್ತು ವಿಮ್ ಬೈಯೆನ್

ನಮ್ಮ ಸೋದರಮಾವ ತುಮಕೂರಿನ ಕಡೆ ಒಂದೂವರೆ ಎಕರೆಯಲ್ಲಿ ಮಿಡಿಸೌತೆ ಬೆಳೆಯುತ್ತಾರೆ. ಬೀಜ ಕೊಡುವುದೂ ಕಂಪನಿಯವರೇ, ಕಾಯಿ ಕೊಳ್ಳುವುದೂ ಅವರೇ. ಆ ಕಾಯಿ ಉಪ್ಪುನೀರಿನ ಡ್ರಮ್ಮಿನಲ್ಲೋ ವಿನೆಗರ್ ಬಾಟಲಿಯಲ್ಲೋ ಕೂತು ಹಡಗು ಹತ್ತುತ್ತದೆ. ನಾನು ಕೆಲಸ ಮಾಡುವುದು ಇಲ್ಲಿ ರೋಟರ್‌ಡಾಮಿನಲ್ಲಿ, ಹಡಗಿನಿಂದ ಇಳಿದ ಸರಕಿಗೆ ಸುಂಕದ ಕಾಗದಪತ್ರ ಮಾಡಿಕೊಡುವ ಸಣ್ಣ ಆಫೀಸಿನಲ್ಲಿ. ಕರ್ನಾಟಕದ ಮಿಡಿಸೌತೆ ಆಗಾಗ ಒಂದು ಕಂಟೇನರ್ ನಂಬರಾಗಿ ನನ್ನ ಕಣ್ಣ ಮುಂದೆ ಹಾದುಹೋಗುತ್ತದೆ. ಪ್ರತಿ ಸಲವೂ ಒಂದು ಕ್ಷಣ ಮಾವನ ಹೊಲ ನೆನಪಾಗುತ್ತದೆ.

ಹೋದ ತಿಂಗಳು ಮಾವ ಫೋನಿನಲ್ಲಿ ಕೇಳಿದರು. "ಅಲ್ಲಪ್ಪಾ, ನಮ್ಮ ಕಾಯಿ ಜರ್ಮನಿಗೂ ಹೋಗುತ್ತಂತೆ. ನಿಮ್ಮ ಹಾಲೆಂಡಿನಲ್ಲಿ ಸುಂಕ ಕಟ್ಟಿದ ಮೇಲೆ ಜರ್ಮನಿ ಗಡಿಯಲ್ಲಿ ಮತ್ತೆ ಕಟ್ಟಬೇಕಾ?"

ಇಲ್ಲ ಮಾವ, ಒಂದೇ ಸಲ ಅಂದೆ. ಇಲ್ಲಿ ಕಸ್ಟಮ್ಸ್‌ಗೆ ಡುವಾನ ಅನ್ನುತ್ತಾರೆ. ರೋಟರ್‌ಡಾಮಿನ ಡುವಾನದವರು ಸುಂಕ ಕಟ್ಟಿಸಿಕೊಂಡು ಸರಕು ಬಿಟ್ಟರೆ ಅದು 'ವ್ರೈ ಫರ್‌ಕೇರ್'ಗೆ ಬಂತು ಎಂದರ್ಥ, ಅಂದರೆ ತಡೆಯಿಲ್ಲದ ಓಡಾಟಕ್ಕೆ. ಆಮೇಲೆ ಅದೇ ಡ್ರಮ್ಮು ಬೆಲ್ಜಿಯಂಗೆ ಹೋಗಲಿ, ಪೋಲೆಂಡಿಗೆ ಹೋಗಲಿ, ಯಾರೂ ಮತ್ತೆ ಸುಂಕ ಕೇಳುವುದಿಲ್ಲ. ವ್ಯಾಟ್ ಲೆಕ್ಕ ಬೇರೆ. ಸುಂಕ ಮಾತ್ರ ಯೂರೋಪಿಯನ್ ಒಕ್ಕೂಟದ 27 ದೇಶಕ್ಕೆ ಒಂದೇ ಬಾಗಿಲಲ್ಲಿ.

ಮಾವ ಸ್ವಲ್ಪ ಹೊತ್ತು ಯೋಚಿಸಿದರು. 2017ರಲ್ಲಿ ಜಿಎಸ್‌ಟಿ ಬರುವ ಮುಂಚೆ ನಮ್ಮ ರಾಜ್ಯದ ಗಡಿಯ ಚೆಕ್‌ಪೋಸ್ಟುಗಳಲ್ಲಿ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದುದನ್ನು ಅವರು ಕಂಡವರು. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಮಾಡಿಕೊಂಡಿರೋರು ನಾವು. ಇದನ್ನ ಯಾರಪ್ಪ ಮಾಡಿದ್ದು?" ಅಂದರು.

ಇಷ್ಟು ದೊಡ್ಡ ಕೆಲಸ ಒಬ್ಬರಿಂದ ಆಗುವುದಲ್ಲ. ಆದರೆ ಒಂದೇ ಹೆಸರು ಹೇಳು ಅಂದರೆ ನಾನು ನೆದರ್ಲೆಂಡ್ಸಿನ ವಿದೇಶಾಂಗ ಮಂತ್ರಿಯಾಗಿದ್ದ ಯೊಹಾನ್ ವಿಲ್ಲೆಮ್ ಬೈಯೆನ್ ಅನ್ನುತ್ತೇನೆ. ಗೆಳೆಯರಿಗೆ ವಿಮ್. ನಮ್ಮ ಆಫೀಸಿನ ಡಚ್ಚರಲ್ಲೇ ಹೆಚ್ಚಿನವರಿಗೆ ಈ ಹೆಸರು ಗೊತ್ತಿಲ್ಲ. ದಿನವೂ ಅವರ ಯೋಜನೆಯ ಮೇಲೆಯೇ ನಮ್ಮ ಅನ್ನ ನಡೆಯುತ್ತಿದೆ, ಆದರೂ ಗೊತ್ತಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಬೈಯೆನ್ ಹುಟ್ಟಿದ್ದು 1897ರಲ್ಲಿ, ಯೂಟ್ರೆಕ್ಟ್ ಊರಿನಲ್ಲಿ. ಅಲ್ಲೇ ಕಾನೂನು ಓದಿದರು. ಹಣಕಾಸು ಇಲಾಖೆ, ಸ್ವಲ್ಪ ಕಾಲ ಫಿಲಿಪ್ಸ್ ಕಂಪನಿ, ಆಮೇಲೆ ಬ್ಯಾಂಕು. 1937ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್‌ನ ಅಧ್ಯಕ್ಷರಾಗಿದ್ದರು. ಅದು ಬೇರೆ ಬೇರೆ ದೇಶಗಳ ರಿಸರ್ವ್ ಬ್ಯಾಂಕುಗಳಿಗೆಲ್ಲ ಬ್ಯಾಂಕು. ಹೆಸರು, ಸ್ಥಾನ, ಎಲ್ಲವೂ ನಲವತ್ತರ ವಯಸ್ಸಿಗೇ ಸಿಕ್ಕಿತ್ತು.

ಅಲ್ಲೇ ಅವರ ಬದುಕಿನ ಕಪ್ಪು ಚುಕ್ಕೆಯೂ ಬಿತ್ತು. 1939ರ ಮಾರ್ಚ್ 15ರಂದು ಹಿಟ್ಲರನ ಸೈನ್ಯ ಪ್ರಾಗ್ ನಗರಕ್ಕೆ ನುಗ್ಗಿತು. ಜೆಕೋಸ್ಲೊವಾಕಿಯಾದ ಬಂಗಾರದಲ್ಲಿ ಒಂದು ಭಾಗ ಆಗ ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ, ಬಾಸೆಲ್ ಬ್ಯಾಂಕಿನ ಖಾತೆಯಲ್ಲಿತ್ತು. ಜರ್ಮನ್ನರು ಪ್ರಾಗಿನ ಬ್ಯಾಂಕಿನವರನ್ನು ಹೆದರಿಸಿ ಒಂದು ಆದೇಶ ಬರೆಸಿಕೊಂಡರು. ಸುಮಾರು 23 ಟನ್ ಬಂಗಾರವನ್ನು ಜರ್ಮನಿಯ ರೈಖ್ಸ್‌ಬ್ಯಾಂಕ್ ಖಾತೆಗೆ ಹಾಕಿ ಎಂದು. ಆದೇಶ ಬಾಸೆಲ್ಲಿಗೆ ಬಂತು. ಸಹಿ ಸರಿಯಿತ್ತು, ಕಾಗದ ಸರಿಯಿತ್ತು. ಬೈಯೆನ್ ಅಧ್ಯಕ್ಷರಾಗಿದ್ದ ಬ್ಯಾಂಕು ವರ್ಗಾವಣೆ ಮಾಡಿಬಿಟ್ಟಿತು. ಬಂಗಾರ ನಾಜಿಗಳ ಪಾಲಾಯಿತು.

ಸುಂಕದ ಕಾಗದ ನೋಡುವ ಕೆಲಸ ನನ್ನದು. ಫಾರ್ಮು ಸರಿಯಿದೆಯಾ, ಸಹಿ ಇದೆಯಾ, ಇದ್ದರೆ ಮುಂದೆ ಕಳಿಸು ಎನ್ನುವ ಅಭ್ಯಾಸ ಹೇಗೆ ಕೈಗೆ ಅಂಟುತ್ತದೆ ಅಂತ ನನಗೆ ಗೊತ್ತು. ಹಾಗಂತ ಇದನ್ನು ನಾನು ಒಪ್ಪಲಾರೆ. ಆ ಸಹಿಯ ಹಿಂದೆ ಬಂದೂಕು ಇತ್ತು ಎಂಬುದು ಅವತ್ತು ಯೂರೋಪಿನಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿತ್ತು. ತಪ್ಪು ಅವರೊಬ್ಬರದೇ ಅಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡ್ ಕೂಡ ತಡೆಯಲಿಲ್ಲ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಅವರು.

ಯುದ್ಧ ಶುರುವಾದ ಮೇಲೆ ಯೂನಿಲಿವರ್ ಸೇರಿದರು. ದೇಶ ಜರ್ಮನ್ನರ ಕೈಸೇರಿದಾಗ ಲಂಡನ್ನಿನಲ್ಲಿ ನೆಲೆಸಿದ್ದ ಡಚ್ ಸರ್ಕಾರಕ್ಕೆ ಹಣಕಾಸು ಸಲಹೆಗಾರರೂ ಆದರು. 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಐಎಂಎಫ್, ವಿಶ್ವಬ್ಯಾಂಕ್ ಕಟ್ಟಲು ಕೂತಾಗ ಡಚ್ ತಂಡದ ಮುಖ್ಯಸ್ಥರು ಬೈಯೆನ್. ಭಾರತದ ತಂಡದಲ್ಲಿ ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ಸಿ.ಡಿ. ದೇಶ್‌ಮುಖ್ ಇದ್ದರು.

1952ರಲ್ಲಿ ಬೈಯೆನ್ ಮಂತ್ರಿಯಾದರು. ಪಕ್ಷವಿಲ್ಲ, ಚುನಾವಣೆಗೆ ನಿಂತವರಲ್ಲ. ಕ್ಯಾಥೋಲಿಕ್ ಪಕ್ಷದ ಯೋಸೆಫ್ ಲುನ್ಸ್ ಒಬ್ಬರ ಕೈಗೇ ಇಡೀ ವಿದೇಶಾಂಗ ಕೊಡಲು ಸಮ್ಮಿಶ್ರ ಸರ್ಕಾರದ ಬೇರೆಯವರಿಗೆ ಮನಸ್ಸಿರಲಿಲ್ಲ. ಹಾಗಾಗಿ ವಿದೇಶಾಂಗಕ್ಕೆ ಇಬ್ಬರು ಮಂತ್ರಿಗಳು. ಯೂರೋಪಿನ ವಿಷಯ ಬೈಯೆನ್ ಪಾಲಿಗೆ ಬಂತು.

ಆಗ ಎಲ್ಲರ ಬಾಯಲ್ಲೂ ಇದ್ದದ್ದು ಸೈನ್ಯ ಮತ್ತು ರಾಜಕೀಯ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್ ಈ ಆರು ದೇಶಗಳಿಗೆ ಒಂದೇ ಸೈನ್ಯ ಕಟ್ಟೋಣ ಎಂಬ ಮಾತು. ಕಲ್ಲಿದ್ದಲು, ಉಕ್ಕು ಆಗಲೇ ಒಂದೇ ವ್ಯವಸ್ಥೆಯಡಿ ಬಂದಿದ್ದವು. ಇನ್ನೊಂದೊಂದೇ ಉದ್ಯಮವನ್ನು ಹೀಗೆ ಸೇರಿಸುತ್ತಾ ಹೋಗೋಣ, ಮುಂದಿನದು ಅಣುಶಕ್ತಿ ಎನ್ನುವುದು ಆ ವ್ಯವಸ್ಥೆಯ ಮುಖ್ಯಸ್ಥರಾಗಿದ್ದ ಫ್ರಾನ್ಸಿನ ಜಾನ್ ಮೊನೆ ಅವರ ಲೆಕ್ಕ. ಬೈಯೆನ್ ಇದನ್ನು ಒಪ್ಪಲಿಲ್ಲ. 1930ರ ದಶಕದಲ್ಲಿ ಒಂದೊಂದು ದೇಶವೂ ಸುಂಕದ ಗೋಡೆ ಎಬ್ಬಿಸಿ, ತನ್ನ ಕಷ್ಟವನ್ನು ಪಕ್ಕದವರ ಮನೆಗೆ ದಾಟಿಸಿದ್ದನ್ನು ಅವರು ಬ್ಯಾಂಕಿನಲ್ಲಿ ಕೂತು ನೋಡಿದ್ದರು. ಒಂದು ಉದ್ಯಮದ ಗೋಡೆ ಒಡೆದರೆ ಅದರ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಒಡೆದರೆ ಎಲ್ಲ ಸರಕಿನ ಗೋಡೆಯನ್ನೂ ಒಟ್ಟಿಗೆ ಒಡೆಯಬೇಕು, ಹೊರಗಿನವರಿಗೆ ಎಲ್ಲರೂ ಒಂದೇ ಸುಂಕ ಇಡಬೇಕು. ಇದೇ ಬೈಯೆನ್ ಯೋಜನೆ.

ಯಾರಿಗೂ ಬೇಕಾಗಿರಲಿಲ್ಲ. ಅವರ ಪ್ರಧಾನಿ ವಿಲ್ಲೆಮ್ ಡ್ರೇಸ್ ಅವರಿಗೇ ಯೂರೋಪಿನ ದೊಡ್ಡ ಕನಸುಗಳ ಮೇಲೆ ನಂಬಿಕೆ ಕಡಿಮೆ. 1954ರ ಆಗಸ್ಟ್ 30ರಂದು ಫ್ರಾನ್ಸಿನ ಸಂಸತ್ತು ಒಂದೇ ಸೈನ್ಯದ ಒಪ್ಪಂದವನ್ನು ಬೀಳಿಸಿತು. ಅದರ ಜೊತೆಗೆ ಅಂಟಿಕೊಂಡಿದ್ದ ಬೈಯೆನ್ ಯೋಜನೆಯೂ ಬಿತ್ತು.

ಅವರು ಬಿಡಲಿಲ್ಲ. 1955ರ ಏಪ್ರಿಲ್ 4ರಂದು ಬೆಲ್ಜಿಯಂ ವಿದೇಶಾಂಗ ಮಂತ್ರಿ ಪಾಲ್ ಹೆನ್ರಿ ಸ್ಪಾಕ್ ಅವರಿಗೆ ಬರೆದು ಅದೇ ಮಾತನ್ನು ಮತ್ತೆ ಮುಂದಿಟ್ಟರು. ಸ್ಪಾಕ್ ಅವರ ಮನಸ್ಸು ಮೊನೆ ಕಡೆಗಿತ್ತು. ಕೊನೆಗೆ ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್ ಮೂವರೂ ಸೇರಿ ಮೊನೆಯ ಅಣುಶಕ್ತಿ ಮತ್ತು ಬೈಯೆನ್ ಹೇಳಿದ ಸಾಮಾನ್ಯ ಮಾರುಕಟ್ಟೆ ಎರಡನ್ನೂ ಒಂದೇ ಪತ್ರದಲ್ಲಿಟ್ಟರು. ಆ ಪತ್ರವೇ ಜೂನ್ ಮೊದಲ ವಾರ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ಆರು ದೇಶಗಳ ಮಂತ್ರಿಗಳ ಮುಂದೆ ಬಂತು. ಅಲ್ಲಿಂದ ಗಾಡಿ ಮತ್ತೆ ಹೊರಟಿತು.

ಅದೇ ತಿಂಗಳು ಬ್ರಿಟನ್ನನ್ನೂ ಕರೆಯಲು ಬೈಯೆನ್ ಲಂಡನ್ನಿಗೆ ಹೋದರು. ಬ್ರಿಟನ್ ಕೊನೆಗೆ ಆರು ದೇಶಗಳ ಜೊತೆ ಬರಲಿಲ್ಲ. ಆಮೇಲೆ 1973ರಲ್ಲಿ ಸೇರಿತು, ಈಗ ಮತ್ತೆ ಹೊರಗಿದೆ. ಅದರ ಅರ್ಥ ನನಗೆ ದಿನವೂ ಮೇಜಿನ ಮೇಲೆ ಕಾಣುತ್ತದೆ. ಜರ್ಮನಿಗೆ ಹೋಗುವ ಡ್ರಮ್ಮಿಗೆ ಬೇರೆ ಸುಂಕದ ಕಾಗದ ಬೇಡ. ಇಲ್ಲಿಂದ ದೋಣಿ ಹತ್ತಿ ಒಂದು ರಾತ್ರಿಯಲ್ಲಿ ಇಂಗ್ಲೆಂಡ್ ಮುಟ್ಟುವ ಲಾರಿಗೆ ಮಾತ್ರ ಫಾರ್ಮಿನ ಮೇಲೆ ಫಾರ್ಮು.

1957ರ ಮಾರ್ಚ್ 25ರಂದು ಆ ಸಾಮಾನ್ಯ ಮಾರುಕಟ್ಟೆ ಕಟ್ಟುವ ರೋಮ್ ಒಪ್ಪಂದಕ್ಕೆ ಸಹಿ ಬಿತ್ತು. ಡಚ್ಚರ ಪರವಾಗಿ ಸಹಿ ಮಾಡಿದವರಲ್ಲಿ ಲುನ್ಸ್ ಇದ್ದಾರೆ, ಬೈಯೆನ್ ಇಲ್ಲ. ಹಿಂದಿನ ಅಕ್ಟೋಬರಿನಲ್ಲೇ ಅವರ ಮಂತ್ರಿಗಿರಿ ಮುಗಿದಿತ್ತು. ಪಕ್ಷವಿಲ್ಲದವರಿಗೆ ಹೊಸ ಸಂಪುಟದಲ್ಲಿ ಜಾಗ ಸಿಗಲಿಲ್ಲ. ಆಮೇಲೆ 1958ರಿಂದ ಐದು ವರ್ಷ ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದರು. ಆರು ದೇಶಗಳ ನಡುವಿನ ಸುಂಕ ಪೂರ್ತಿ ತೆಗೆದದ್ದು 1968ರ ಜುಲೈ 1ರಂದು. ಅದನ್ನು ಅವರು ಕಣ್ಣಾರೆ ಕಂಡರು ಅನ್ನುವುದೇ ನನಗೆ ಸಮಾಧಾನ. 1976ರಲ್ಲಿ ಹೇಗ್‌ನಲ್ಲಿ ತೀರಿಕೊಂಡರು.

ಇಷ್ಟನ್ನೂ ಎರಡು ಭಾನುವಾರ ಫೋನಿನಲ್ಲಿ ಮಾವನಿಗೆ ಹೇಳಿದೆ. ಮೆಸ್ಸಿನಾ, ರೋಮ್ ಎಲ್ಲ ಕೇಳಿಸಿಕೊಂಡರು. ಕೊನೆಗೆ ಅವರು ಕೇಳಿದ್ದು ಒಂದೇ. "ಆ ಬಂಗಾರ ಅವರಿಗೆ ವಾಪಸ್ ಸಿಕ್ತಾ?"

ನಾಜಿಗಳಿಂದ ಹಿಂದಕ್ಕೆ ಪಡೆದ ಬಂಗಾರದ ರಾಶಿಯಲ್ಲಿ ಜೆಕೋಸ್ಲೊವಾಕಿಯಾದ ಪಾಲಿಗೆ ಯುದ್ಧದ ನಂತರ ಸ್ವಲ್ಪ ಬಂತು. ದೊಡ್ಡ ಭಾಗ, ಸುಮಾರು 18 ಟನ್, ಸಿಕ್ಕಿದ್ದು 1982ರಲ್ಲಿ. ಬೈಯೆನ್ ಹೋಗಿ ಆಗಲೇ ಆರು ವರ್ಷವಾಗಿತ್ತು.